ವೇಗದ ಕಾರಿಗೆ ತಕ್ಕ ಬ್ರೇಕು: ಯಾವುದನ್ನು ಮೊದಲು ಬದಲಿಸಬೇಕು, ಹೇಗೆ ಕಾಪಾಡಿಕೊಳ್ಳಬೇಕು

ಬ್ರೇಕಿನ ಮೇಲೆ ಹಣ ಹಾಕುವವರಲ್ಲಿ ಬಹಳಷ್ಟು ಮಂದಿ ತಲೆಕೆಳಗಾಗಿ ಶುರು ಮಾಡುತ್ತಾರೆ. ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್, ತೂತು ಕೊರೆದ ಡಿಸ್ಕ್ ಮೊದಲು ಮನೆಗೆ ಬರುತ್ತವೆ. (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್; ಪ್ಯಾಡ್ ಎಂಬ ಘರ್ಷಣೆಯ ತುಂಡುಗಳನ್ನು ಅದರ ಎರಡೂ ಬದಿಗೆ ಒತ್ತಿ ಹಿಡಿಯುವುದು ಕ್ಯಾಲಿಪರ್.) ನಾಲ್ಕು ವರ್ಷದಿಂದ ಬದಲಿಸದ ಬ್ರೇಕ್ ದ್ರವ ಒಳಗೆ ಹಾಗೆಯೇ ಕಪ್ಪಾಗಿ ಕೂತಿರುತ್ತದೆ. ನನ್ನ ಅಭಿಪ್ರಾಯ ಇಷ್ಟು: ಇರುವ ಬ್ರೇಕನ್ನು ಪೂರ್ತಿ ಸುಸ್ಥಿತಿಗೆ ತರುವವರೆಗೆ ಹೊಸದಾಗಿ ಏನನ್ನೂ ಕೊಳ್ಳಬೇಡಿ. ಆಮೇಲೆ ದ್ರವ, ಪ್ಯಾಡ್, ಹೋಸ್ (ದ್ರವ ಸಾಗುವ ಮೆದು ಕೊಳವೆ), ಡಿಸ್ಕ್ ಈ ಕ್ರಮದಲ್ಲಿ ಮುಂದುವರಿಯಿರಿ. ದೊಡ್ಡ ಕ್ಯಾಲಿಪರ್ ಕಿಟ್ ಕೊನೆಗಿರಲಿ. ಹೆಚ್ಚಿನವರಿಗೆ ಅದರವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ನನ್ನ ಕಣ್ಣ ಮುಂದಿರುವುದು ಸುಮಾರು 1500 ಕೆಜಿ ತೂಕದ ಟರ್ಬೊ ಪೆಟ್ರೋಲ್ ಕಾರು, ಉದಾಹರಣೆಗೆ ಆಕ್ಟೇವಿಯಾ ಆರ್‌ಎಸ್ ಅಥವಾ ಗಾಲ್ಫ್ ಜಿಟಿಐ. ವಾರವೆಲ್ಲ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿ, ರಜೆಯಲ್ಲಿ ಘಾಟಿ ಇಳಿದು, ಆಗೊಮ್ಮೆ ಈಗೊಮ್ಮೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಹೋಗುವ ಕಾರು.

ಬಿಸಿಯ ಲೆಕ್ಕ

ಬ್ರೇಕ್ ಮಾಡುವುದು ಒಂದೇ ಕೆಲಸ: ಚಲನಶಕ್ತಿಯನ್ನು ಶಾಖವಾಗಿ ಬದಲಿಸುವುದು. 1500 ಕೆಜಿಯ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿರುವಾಗ ಅದರಲ್ಲಿ ಸುಮಾರು 580 ಕಿಲೋಜೌಲ್ ಶಕ್ತಿ ಇರುತ್ತದೆ. 140 ಕಿ.ಮೀ.ಗೆ ಏರಿದರೆ ಅದು 1130 ಕಿಲೋಜೌಲ್. ವೇಗ ಹೆಚ್ಚಿದ್ದು ಶೇ 40ರಷ್ಟು, ಬ್ರೇಕಿನ ಹೊರೆ ಹೆಚ್ಚುಕಡಿಮೆ ಇಮ್ಮಡಿ. ಇದರಲ್ಲಿ ಸುಮಾರು ಶೇ 70ರಷ್ಟು ಮುಂದಿನ ಎರಡು ಡಿಸ್ಕ್‌ಗಳ ಪಾಲಿಗೆ ಬರುತ್ತದೆ ಎಂದುಕೊಳ್ಳಿ. ಒಂದೊಂದು ಡಿಸ್ಕ್ 8 ಕೆಜಿ ಇದ್ದರೆ, 100ರಿಂದ ಸೊನ್ನೆಗೆ ಒಮ್ಮೆ ನಿಲ್ಲಿಸಿದಾಗ ಅದರ ಉಷ್ಣತೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ರಸ್ತೆಯ ಮೇಲೆ ಇದು ದೊಡ್ಡದಲ್ಲ, ಮುಂದಿನ ಸಿಗ್ನಲ್‌ವರೆಗೆ ಗಾಳಿಗೆ ತಣಿಯುತ್ತದೆ. ಟ್ರ್ಯಾಕಿನಲ್ಲಿ ತಣಿಯಲು ಸಮಯವೇ ಸಿಗುವುದಿಲ್ಲ. ಕರಿ ಟ್ರ್ಯಾಕಿನ ಸುತ್ತು ಕೇವಲ 2.1 ಕಿ.ಮೀ.; ತಿರುವಿನ ಬೆನ್ನಿಗೆ ತಿರುವು ಬರುತ್ತದೆ.

ಘಾಟಿಯ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. 500 ಮೀಟರ್ ಎತ್ತರದಿಂದ ಇಳಿಯುವ ಇದೇ ಕಾರು ಸುಮಾರು 7350 ಕಿಲೋಜೌಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. 100ರಿಂದ ಸೊನ್ನೆಗೆ ಹನ್ನೆರಡು ಹದಿಮೂರು ಬಾರಿ ನಿಲ್ಲಿಸಿದ್ದಕ್ಕೆ ಇದು ಸಮ. ಎಂಜಿನ್ನು ಮತ್ತು ಗಾಳಿಯ ತಡೆ ಇದರಲ್ಲಿ ಪಾಲು ತೆಗೆದುಕೊಳ್ಳದಿದ್ದರೆ ಪೂರ್ತಿ ಹೊರೆ ಡಿಸ್ಕ್ ಮೇಲೆಯೇ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ನಿಧಾನವಾಗಿಯೇ ಇಳಿದವರಿಗೂ ಕೆಳಗೆ ಸೋಮೇಶ್ವರದಲ್ಲಿ ಸುಟ್ಟ ವಾಸನೆ ಬರುವುದು ಇದಕ್ಕೇ.

ನಿಮ್ಮ ತೊಂದರೆ ಯಾವುದು, ಮೊದಲು ಗುರುತಿಸಿ

ಬ್ರೇಕ್ ಕೈಕೊಡುವುದು ಎರಡು ಬಗೆಯಲ್ಲಿ. ಎರಡಕ್ಕೂ ಮದ್ದು ಬೇರೆ ಬೇರೆ. ಪೆಡಲ್ ಎಂದಿನಂತೆ ಗಟ್ಟಿಯಾಗಿಯೇ ಇದ್ದು, ಎಷ್ಟು ಬಲವಾಗಿ ಒತ್ತಿದರೂ ಕಾರು ನಿಲ್ಲಲು ಒಪ್ಪದಿದ್ದರೆ ಪ್ಯಾಡ್ ತನ್ನ ಉಷ್ಣತೆಯ ಮಿತಿ ದಾಟಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿಯುತ್ತಾ ಹೋದರೆ ದ್ರವ ಕುದಿದು ಆವಿಯ ಗುಳ್ಳೆಗಳಾಗಿವೆ. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ. ಹಾಗಾದರೆ ಪೆಡಲನ್ನು ಪಟಪಟನೆ ಕೆಲವು ಸಲ ಒತ್ತಿ, ಗೇರ್ ಇಳಿಸಿ, ಕಾರನ್ನು ಬದಿಗೆ ತನ್ನಿ. ತಣಿದ ಮೇಲೆ ಪೆಡಲ್ ಸರಿಹೋದಂತೆ ಅನ್ನಿಸುತ್ತದೆ. ನಂಬಬೇಡಿ, ದ್ರವ ಬದಲಿಸಿಯೇ ಮುಂದಿನ ಮಾತು.

ಮೂರನೆಯ ಸಂಗತಿಯೂ ಇದೆ. ಒಣ ರಸ್ತೆಯಲ್ಲಿ ಜೋರಾಗಿ ಒತ್ತಿದ ಕೂಡಲೇ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಾಲಿಗೆ ಬಡಿಯುತ್ತದೆ ಎಂದಾದರೆ ನಿಮ್ಮ ಬ್ರೇಕಿನಲ್ಲಿ ಬಲಕ್ಕೆ ಕೊರತೆ ಇಲ್ಲ, ಟೈರಿನ ಹಿಡಿತ ಮುಗಿದಿದೆ. 100 ಕಿ.ಮೀ. ವೇಗದಿಂದ ನಿಲ್ಲಲು ಘರ್ಷಣೆಯ ಗುಣಾಂಕ 1 ಇದ್ದರೆ ಸುಮಾರು 39 ಮೀಟರ್ ಬೇಕು, 0.8ಕ್ಕೆ ಇಳಿದರೆ 49 ಮೀಟರ್. ಈ ಹತ್ತು ಮೀಟರನ್ನು ಯಾವ ಕ್ಯಾಲಿಪರೂ ಮರಳಿ ತರುವುದಿಲ್ಲ, ಒಳ್ಳೆಯ ಟೈರು ತರುತ್ತದೆ. ದೊಡ್ಡ ಬ್ರೇಕಿನ ಪ್ರಯೋಜನ ಮೊದಲ ಸಲ ನಿಲ್ಲಿಸುವುದರಲ್ಲಿ ಅಲ್ಲ, ಹತ್ತನೆಯ ಸಲವೂ ಹಾಗೆಯೇ ನಿಲ್ಲಿಸುವುದರಲ್ಲಿ.

ಚಕ್ರ ಬಿಚ್ಚಿ ನೋಡುವುದು

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ. ಚಕ್ರದ ಬೋಲ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈಯನ್ನೂ ಚಾಚಬೇಡಿ.

ಮೊದಲು ಒಳಗಿನ ಪ್ಯಾಡ್ ಮತ್ತು ಹೊರಗಿನ ಪ್ಯಾಡ್ ಎರಡನ್ನೂ ಹೋಲಿಸಿ ನೋಡಿ. ಹೊರಗಿನದು ಮಾತ್ರ ಚಕ್ರದ ಸಂದಿಯಿಂದ ಕಾಣುತ್ತದೆ. ಅದನ್ನಷ್ಟೇ ನೋಡಿ ‘ಇನ್ನೂ ಇದೆ’ ಎಂದು ಹೊರಟ ಎಷ್ಟೋ ಕಾರುಗಳಲ್ಲಿ ಒಳಗಿನ ಪ್ಯಾಡ್ ಕಬ್ಬಿಣಕ್ಕೆ ತಾಗಿರುತ್ತದೆ. ಎರಡರ ಸವೆತದಲ್ಲಿ ಹೆಚ್ಚಿನ ವ್ಯತ್ಯಾಸವಿದ್ದರೆ ಕ್ಯಾಲಿಪರ್ ಸಲೀಸಾಗಿ ಜಾರುತ್ತಿಲ್ಲ: ಕ್ಯಾಲಿಪರ್ ಜಾರುವ ಗೈಡ್ ಪಿನ್ ಬಿಗಿದುಕೊಂಡಿದೆ, ಇಲ್ಲವೇ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ಸರಿಯುತ್ತಿಲ್ಲ. ಘರ್ಷಣೆಯ ಪದರ 3 ಎಂಎಂಗೆ ಬಂದರೆ ಬದಲಿಸಿ. ಟ್ರ್ಯಾಕಿಗೆ ಹೊರಟಿದ್ದರೆ ಹೊಸ ಪ್ಯಾಡಿನ ಅರ್ಧಕ್ಕಿಂತ ಕಡಿಮೆ ಉಳಿದಿರುವಾಗ ಹೋಗಬೇಡಿ. ಪ್ಯಾಡ್ ತೆಳುವಾದಷ್ಟೂ ಬಿಸಿ ಬೇಗ ಪಿಸ್ಟನ್ನಿಗೆ, ಅಲ್ಲಿಂದ ದ್ರವಕ್ಕೆ ದಾಟುತ್ತದೆ.

ಡಿಸ್ಕಿನ ಅಂಚಿನಲ್ಲೋ ಟೋಪಿಯಂತಿರುವ ನಡುಭಾಗದಲ್ಲೋ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಮೈಕ್ರೋಮೀಟರಿನಿಂದ ಪ್ಯಾಡ್ ಉಜ್ಜುವ ಜಾಗದಲ್ಲಿ ಅಳೆಯಿರಿ. ಸಾಮಾನ್ಯ ವರ್ನಿಯರ್ ಅಳತೆಗೋಲು ಅಂಚಿನ ಸವೆಯದ ದಿಣ್ಣೆಯ ಮೇಲೆ ಕೂತು ಹೆಚ್ಚು ತೋರಿಸುತ್ತದೆ. ರಬ್ಬರ್ ಹೋಸನ್ನು ಮಡಚಿ ಬಿರುಕಿದೆಯೇ ನೋಡಿ. ಪಿಸ್ಟನ್ನಿನ ರಬ್ಬರ್ ಬೂಟು ಹರಿದಿದ್ದರೆ ಕೆಂಪು ಧೂಳು ಒಳಗೆ ಸೇರಿ ತುಕ್ಕು ಹಿಡಿಯುವುದು ಖಂಡಿತ.

ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರಿನ ಪರೀಕ್ಷೆ ಅರ್ಧ ನಿಮಿಷದ ಕೆಲಸ. ಎಂಜಿನ್ ಆಫ್ ಮಾಡಿ ಪೆಡಲನ್ನು ಗಟ್ಟಿಯಾಗುವವರೆಗೆ ಕೆಲವು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ನಿರ್ವಾತದ ಬೂಸ್ಟರ್ ಸರಿಯಿದ್ದರೆ ಪೆಡಲ್ ತುಸು ಕೆಳಗಿಳಿಯುತ್ತದೆ.

ದ್ರವ: ಅಗ್ಗದ, ಆದರೆ ಅತಿ ದೊಡ್ಡ ಸುಧಾರಣೆ

ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದು ಕೇಳಿ ಪಡೆಯುವ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ದ್ರವದ ದರ್ಜೆಯನ್ನು ಡಬ್ಬಿಯ ಮೇಲೆ ಡಾಟ್ (DOT) ಸಂಖ್ಯೆಯಿಂದ ಗುರುತಿಸುತ್ತಾರೆ. ಡಾಟ್ 3 ದ್ರವಕ್ಕೆ ಹೊಸದಿರುವಾಗ ಕನಿಷ್ಠ 205 ಡಿಗ್ರಿ, ತೇವ ಹಿಡಿದ ಮೇಲೆ 140 ಡಿಗ್ರಿ ಎಂಬ ಮಾನದಂಡವಿದೆ. ಡಾಟ್ 4ಕ್ಕೆ ಇವು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಮೋಟುಲ್ ಆರ್‌ಬಿಎಫ್ 600ರಂಥ ರೇಸಿಂಗ್ ದ್ರವ ಹೊಸದಿರುವಾಗ 312 ಡಿಗ್ರಿಯವರೆಗೆ ಕುದಿಯದು. ಡಾಟ್ 5 ಎಂಬುದು ಬೇರೆಯೇ ಜಾತಿ. ಅದು ಸಿಲಿಕೋನ್, ಎಬಿಎಸ್ ಇರುವ ಕಾರಿಗೆ ಹಾಕಲೇಬಾರದು, ಉಳಿದವುಗಳ ಜೊತೆ ಬೆರೆಸಲೂ ಬಾರದು. 5 ಮತ್ತು 5.1 ಡಬ್ಬಿಗಳು ಅಂಗಡಿಯಲ್ಲಿ ಒಂದರ ಪಕ್ಕ ಒಂದು ಕೂತಿರುತ್ತವೆ, ಎರಡು ಸಲ ಓದಿ ಕೊಳ್ಳಿ.

ರಸ್ತೆಗೆ ಮಾತ್ರ ಬಳಸುವ ಕಾರಿಗೆ ಕೈಪಿಡಿ ಹೇಳಿದ ಡಾಟ್ 4 ಸಾಕು. ಕೈಪಿಡಿ ಕಡಿಮೆ ಸ್ನಿಗ್ಧತೆಯ ಡಾಟ್ 4 ಕೇಳಿದರೆ ಅದನ್ನೇ ಹಾಕಿ. ಕಾರು ಜಾರದಂತೆ ತಡೆಯುವ ಇಎಸ್‌ಪಿಯ ಸಣ್ಣ ಕವಾಟಗಳು ಚುರುಕಾಗಿ ಕೆಲಸ ಮಾಡಲು ಅದು ಬೇಕು. ರಸ್ತೆಯ ಕಾರಿಗೆ ಎರಡು ವರ್ಷಕ್ಕೊಮ್ಮೆ ಬದಲಾವಣೆ ಸಾಕು. ಮಂಗಳೂರು, ಉಡುಪಿ, ಕಾರವಾರದ ತೇವದಲ್ಲಿ ಇನ್ನೂ ಮುಂಚೆ ಮಾಡುವುದು ಒಳ್ಳೆಯದು. ಟ್ರ್ಯಾಕಿಗೆ ಹೋಗುವವರು ರೇಸಿಂಗ್ ದ್ರವ ಹಾಕಿ ವರ್ಷಕ್ಕೊಮ್ಮೆಯಾದರೂ ಬದಲಿಸಲಿ.

ಬದಲಿಸುವಾಗ ಇನ್ನೂ ತೆರೆಯದ ಡಬ್ಬಿಯನ್ನೇ ಬಳಸಿ. ಇಡೀ ಕಾರಿಗೆ ಒಂದು ಲೀಟರ್ ಸಾಮಾನ್ಯವಾಗಿ ಸಾಕಾಗುತ್ತದೆ. ಮೊದಲು ರಿಸರ್ವಾಯರಿನಲ್ಲಿರುವ ಹಳೆಯ ದ್ರವವನ್ನು ಸಿರಿಂಜಿನಿಂದ ಹೀರಿ ತೆಗೆದು ಹೊಸದನ್ನು ತುಂಬಿ. ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ದ್ರವವನ್ನು ಚಕ್ರಗಳತ್ತ ತಳ್ಳುವ ಭಾಗ) ದೂರದ ಚಕ್ರದಿಂದ ಶುರು ಮಾಡುವುದು ವಾಡಿಕೆ. ಅಮೆರಿಕ, ಯುರೋಪಿನವರ ವಿಡಿಯೊಗಳಲ್ಲಿ ಹಿಂದಿನ ಬಲಚಕ್ರ ಮೊದಲು ಎನ್ನುತ್ತಾರೆ, ಏಕೆಂದರೆ ಅವರ ಸ್ಟೀರಿಂಗ್ ಎಡಕ್ಕಿದೆ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ಹಿಂದಿನ ಎಡಚಕ್ರ, ಹಿಂದಿನ ಬಲಚಕ್ರ, ಮುಂದಿನ ಎಡಚಕ್ರ, ಮುಂದಿನ ಬಲಚಕ್ರ ಎಂಬ ಕ್ರಮ ಬರುತ್ತದೆ. ಕಾರಿನ ಸರ್ವಿಸ್ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದೇ ಅಂತಿಮ.

ಬ್ಲೀಡರ್ ನಿಪ್ಪಲಿಗೆ (ಹಳೆಯ ದ್ರವ ಹೊರಬಿಡಲು ಕ್ಯಾಲಿಪರಿನಲ್ಲಿರುವ ತಿರುಪು) ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಿ. ಒಳಗೆ ಕೂತವರು ಪೆಡಲ್ ಒತ್ತಿ ಹಿಡಿಯಬೇಕು, ನೀವು ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ, ದ್ರವ ಹರಿದು ನಿಂತ ಮೇಲೆ ಮುಚ್ಚಿ ‘ಬಿಡಿ’ ಎನ್ನಬೇಕು. ಮುಚ್ಚುವ ಮುನ್ನ ಪೆಡಲ್ ಬಿಟ್ಟರೆ ಗಾಳಿ ಒಳಗೆ ನುಗ್ಗುತ್ತದೆ. ಪೈಪಿನಲ್ಲಿ ಮೊದಲು ಕಂದು ಬಣ್ಣದ ದ್ರವ, ಆಮೇಲೆ ಜೇನಿನ ಬಣ್ಣದ್ದು, ನಡುನಡುವೆ ಸೂಜಿಮೊನೆಯಷ್ಟು ಗುಳ್ಳೆಗಳು ಬರುತ್ತವೆ. ಹೊಸ ದ್ರವದ ಬಣ್ಣ ಗುಳ್ಳೆಯಿಲ್ಲದೆ ಬರುವವರೆಗೆ ಮುಂದುವರಿಸಿ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟು ಅದು ನೆಲದವರೆಗೆ ಹೋಗದಂತೆ ತಡೆಯಿರಿ. ದಿನವೂ ಬಳಕೆಯಾಗದ ಆ ಕೊನೆಯ ಭಾಗದಲ್ಲಿ ಸಿಲಿಂಡರಿನ ಗೋಡೆಗೆ ಕೊಳೆ, ತುಕ್ಕು ಕಟ್ಟಿರುತ್ತದೆ, ಸೀಲ್ ಅದರ ಮೇಲೆ ಉಜ್ಜಿದರೆ ಹರಿಯಬಹುದು. ನಾಲ್ಕಾರು ಒತ್ತಿಗೊಮ್ಮೆ ರಿಸರ್ವಾಯರ್ ತುಂಬುತ್ತಿರಿ. ಅದು ಖಾಲಿಯಾಗಿ ಎಬಿಎಸ್ ಘಟಕಕ್ಕೆ ಗಾಳಿ ಹೋದರೆ ಅದನ್ನು ತೆಗೆಯಲು ಸ್ಕ್ಯಾನರ್ ಬೇಕಾಗುತ್ತದೆ. ನಿಪ್ಪಲ್ ಸಣ್ಣದು, ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು. ಬಲ ಹಾಕಿದರೆ ಮುರಿಯುತ್ತದೆ. ಬಣ್ಣದ ಮೇಲೆ ದ್ರವ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ, ಇಲ್ಲವಾದರೆ ಪೇಂಟ್ ಎದ್ದುಬರುತ್ತದೆ.

ಪ್ಯಾಡ್: ಕಾರಿನ ಸ್ವಭಾವ ಬದಲಾಗುವುದು ಇಲ್ಲಿ

ಪ್ಯಾಡಿನ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರಗಳ ಗುರುತು ಇರುವುದುಂಟು: ಎಫ್‌ಎಫ್, ಜಿಜಿ ಹೀಗೆ. ಮೊದಲನೆಯದು ಸಾಮಾನ್ಯ ಉಷ್ಣತೆಯ ಘರ್ಷಣೆ, ಎರಡನೆಯದು ಬಿಸಿಯಾದಾಗಿನದು. ಇ ಎಂದರೆ ಗುಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎಫ್‌ಇ ಎಂದಿದ್ದರೆ ಬಿಸಿಯಾದಂತೆ ಹಿಡಿತ ತಗ್ಗುತ್ತದೆ ಎಂದು ಅದೇ ಹೇಳುತ್ತಿದೆ. ಇದು ಪ್ರಯೋಗಾಲಯದ ಸಣ್ಣ ತುಣುಕಿನ ಮಾಪನ, ಟ್ರ್ಯಾಕಿನ ಉಷ್ಣತೆಯ ಬಗ್ಗೆ ಏನೂ ಹೇಳದು. ಆದರೂ ಹೊಳೆಯುವ ಪೆಟ್ಟಿಗೆಗಿಂತ ಹೆಚ್ಚು ನಂಬಬಹುದಾದ ಮಾಹಿತಿ.

ಪೂರ್ತಿ ಟ್ರ್ಯಾಕ್ ಪ್ಯಾಡ್ ಹಾಕಿಕೊಂಡು ಆಫೀಸಿಗೆ ಹೋಗುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ತಣ್ಣಗಿರುವಾಗ ಅವುಗಳಿಗೆ ಹಿಡಿತ ಕಡಿಮೆ. ಬೆಳಗಿನ ಮೊದಲ ಸಿಗ್ನಲ್‌ನಲ್ಲಿ, ಮಳೆಯಲ್ಲಿ, ಎದುರಿಗೆ ಮಗು ಓಡಿ ಬಂದಾಗ ನಿಮಗೆ ಬೇಕಾಗಿರುವುದು ತಣ್ಣನೆಯ ಹಿಡಿತವೇ. ಇಬಿಸಿ ಯೆಲ್ಲೋಸ್ಟಫ್, ಫೆರೋಡೊ ಡಿಎಸ್ 2500ರಂಥ ನಡುವಣ ಪ್ಯಾಡ್‌ಗಳು ರಸ್ತೆಗೂ ಆಗೊಮ್ಮೆಯ ಟ್ರ್ಯಾಕಿಗೂ ಹೊಂದುತ್ತವೆ. ಧೂಳು, ಕಿರುಚು ಸ್ವಲ್ಪ ಹೆಚ್ಚು, ಡಿಸ್ಕೂ ಬೇಗ ಸವೆಯಬಹುದು. ಮುಂದಿನವನ್ನು ಬದಲಿಸಿ ಹಿಂದೆ ಹಳೆಯದನ್ನೇ ಬಿಟ್ಟರೆ ಮುಂದು ಹಿಂದಿನ ಸಮತೋಲನ ಬದಲಾಗುತ್ತದೆ. ಮುಂದಿನ ಹಿಡಿತ ತುಸು ಹೆಚ್ಚುವುದು ಸುರಕ್ಷಿತ ದಿಕ್ಕು; ಹಿಂದೆ ಮಾತ್ರ ಬಿರುಸಾದ ಪ್ಯಾಡ್ ಹಾಕುವುದು ಅಪಾಯ, ಕಾರಿನ ಹಿಂಬದಿ ತಿರುಗುತ್ತದೆ.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ, ಹೋಸಿನಿಂದ ಜೋತಾಡಲು ಬಿಡಬೇಡಿ. ರಿಸರ್ವಾಯರ್ ಮುಚ್ಚಳ ತೆಗೆದು, ಉಕ್ಕುತ್ತಿದೆಯೇ ನೋಡುತ್ತಾ, ಹಳೆಯ ಪ್ಯಾಡನ್ನು ಅಡ್ಡವಿಟ್ಟು ಸಿ ಕ್ಲ್ಯಾಂಪಿನಿಂದ ಪಿಸ್ಟನ್ನನ್ನು ನಿಧಾನವಾಗಿ ಒಳಗೆ ತಳ್ಳಿ. ಇದು ಮುಂದಿನ ಚಕ್ರಕ್ಕೆ. ಹಿಂದೆ ಕೇಬಲ್ ಹ್ಯಾಂಡ್‌ಬ್ರೇಕ್ ಕ್ಯಾಲಿಪರಿನೊಳಗೇ ಇದ್ದರೆ ಪಿಸ್ಟನ್ನನ್ನು ತಿರುಗಿಸುತ್ತಾ ಒತ್ತಬೇಕು, ಅದಕ್ಕೇ ಬೇರೆ ಉಪಕರಣವಿದೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಕಾರನ್ನು ಸರ್ವಿಸ್ ಮೋಡಿಗೆ ತರಬೇಕು. ಹಾಗೆ ಮಾಡದೆ ಕ್ಲ್ಯಾಂಪ್ ಹಾಕಿದರೆ ಮೋಟಾರು ಹಾಳಾಗುತ್ತದೆ.

ಪ್ಯಾಡ್ ಕೂರುವ ಜಾಗದ ತುಕ್ಕನ್ನು ವೈರ್ ಬ್ರಷ್ಷಿನಿಂದ ಉಜ್ಜಿ ಲೋಹ ಕಾಣುವಂತೆ ಮಾಡಿ. ಸ್ಟೀಲ್ ಕ್ಲಿಪ್ಪುಗಳ ಅಡಿಯಲ್ಲಿ ತುಕ್ಕು ಉಬ್ಬಿ ಪ್ಯಾಡನ್ನು ಬಿಗಿ ಹಿಡಿಯುವುದು ಕರಾವಳಿಯ ಕಾರುಗಳಲ್ಲಿ ನಿತ್ಯದ ದೂರು. ಗೈಡ್ ಪಿನ್ ಒರೆಸಿ ಸಿಲಿಕೋನ್ ಬ್ರೇಕ್ ಗ್ರೀಸ್ ತೆಳುವಾಗಿ ಸವರಿ. ಬೇರಿಂಗಿಗೆ ಹಾಕುವ ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಉಬ್ಬಿಸಿ ಪಿನ್ ಸಿಕ್ಕಿಹಾಕಿಸುತ್ತದೆ. ಎಲ್ಲ ಬೋಲ್ಟನ್ನೂ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಯಿರಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಚಕ್ರದ ಬೋಲ್ಟಿಗೆ ಸಾಮಾನ್ಯವಾಗಿ 120 ನ್ಯೂಟನ್ ಮೀಟರ್. ಕಾರು ಅಲುಗಾಡಿಸುವ ಮುನ್ನ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ. ಮರೆತರೆ ಮೊದಲ ಸಲ ಒತ್ತಿದಾಗ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಹೊಸ ಪ್ಯಾಡ್ ಪಳಗಿಸುವುದು

ಹೊಸ ಪ್ಯಾಡಿನ ಪದಾರ್ಥ ಡಿಸ್ಕಿನ ಮೇಲೆ ತೆಳುವಾಗಿ, ಸಮವಾಗಿ ಅಂಟಿದ ಮೇಲೆಯೇ ಪೂರ್ತಿ ಹಿಡಿತ ಬರುತ್ತದೆ. ನಸುಕಿನಲ್ಲಿ, ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ಮೊದಲು 50 ಕಿ.ಮೀ.ನಿಂದ 10ಕ್ಕೆ ಐದಾರು ಸಲ ಮೃದುವಾಗಿ ಇಳಿಸಿ. ಆಮೇಲೆ 80ರಿಂದ 20ಕ್ಕೆ ಎಂಟು ಹತ್ತು ಸಲ, ಎಬಿಎಸ್ ಬರದಷ್ಟು ಬಿಗಿಯಾಗಿ. ನಡುವೆ ಎಲ್ಲೂ ಪೂರ್ತಿ ನಿಲ್ಲಿಸಬೇಡಿ. ವಾಸನೆ, ಸ್ವಲ್ಪ ಹೊಗೆ ಬರುವುದು ಸಹಜ. ಮುಗಿದ ಮೇಲೆ ಹತ್ತು ಹದಿನೈದು ಕಿ.ಮೀ. ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ತಯಾರಕರು ಬೇರೆ ವಿಧಾನ ಕೊಟ್ಟಿದ್ದರೆ ಅದನ್ನು ಅನುಸರಿಸಿ.

ಕೆಂಡದಂತಿರುವ ಡಿಸ್ಕನ್ನು ಪ್ಯಾಡ್ ಕಚ್ಚಿ ನಿಂತರೆ ಆ ಜಾಗದಲ್ಲಿ ಪ್ಯಾಡಿನ ಅಚ್ಚು ದಪ್ಪವಾಗಿ ಕೂರುತ್ತದೆ. ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ. ಗ್ಯಾರೇಜಿನವರು ‘ಡಿಸ್ಕ್ ಬೆಂಡಾಗಿದೆ’ ಎನ್ನುತ್ತಾರೆ. ಬಹುತೇಕ ಸಲ ಬೆಂಡಾಗಿರುವುದಿಲ್ಲ, ಪದರ ಏರುಪೇರಾಗಿರುತ್ತದೆ. ಮತ್ತೊಮ್ಮೆ ಸರಿಯಾಗಿ ಪಳಗಿಸಿದರೆ ಎಷ್ಟೋ ಸಲ ವಾಸಿಯಾಗುತ್ತದೆ. ಹೊಸ ಡಿಸ್ಕ್ ಕೊಳ್ಳುವ ಮುನ್ನ ಇದನ್ನು ಮಾಡಿ ನೋಡಿ.

ಹೋಸ್ ಮತ್ತು ಡಿಸ್ಕ್

ಸ್ಟೀಲ್ ಜಾಲಿಯ ಹೋಸ್ ಪೆಡಲಿಗೆ ಸ್ವಲ್ಪ ಬಿಗಿ ಕೊಡುತ್ತದೆ, ನಿಲ್ಲುವ ದೂರವನ್ನು ಕಡಿಮೆ ಮಾಡುವುದಿಲ್ಲ. ಹಳೆಯ ರಬ್ಬರ್ ಹೋಸ್ ಹೇಗೂ ಬದಲಿಸುವ ಕಾಲ ಬಂದಿದ್ದರೆ ಹಾಕಿಸಿ. ತಾಮ್ರದ ವಾಷರ್ ಪ್ರತಿ ಸಲವೂ ಹೊಸದಿರಲಿ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ಎಲ್ಲೂ ಉಜ್ಜುತ್ತಿಲ್ಲ ಎಂದು ನೋಡಿ.

ಡಿಸ್ಕ್ ವಿಷಯದಲ್ಲಿ ತೂತು ಕೊರೆದದ್ದನ್ನು ನಾನು ಶಿಫಾರಸು ಮಾಡುವುದಿಲ್ಲ. ಶಾಖ ಹೀರುವುದು ಕಬ್ಬಿಣದ ತೂಕ. ತೂತು ಆ ತೂಕವನ್ನೇ ಕಡಿಮೆ ಮಾಡುತ್ತದೆ, ಟ್ರ್ಯಾಕಿನ ಬಿಸಿಯಲ್ಲಿ ಬಿರುಕು ಶುರುವಾಗುವುದೂ ಆ ತೂತಿನಿಂದಲೇ. ಒಳ್ಳೆಯ ಗುಣಮಟ್ಟದ ಸಾದಾ ವೆಂಟಿಲೇಟೆಡ್ (ನಡುವೆ ಗಾಳಿ ಹಾಯುವ) ಡಿಸ್ಕ್, ಬೇಕಿದ್ದರೆ ಗೀರು ಹಾಕಿದ್ದು ಸಾಕು. ಕೂರಿಸುವಾಗ ಡಿಸ್ಕ್ ಒರಗುವ ಹಬ್‌ನ (ಚಕ್ರದ ನಡುಭಾಗದ) ಮುಖವನ್ನು ತುಕ್ಕಿಲ್ಲದಂತೆ ಉಜ್ಜಿ. ಅಲ್ಲಿ ಉಳಿದ ತೆಳುವಾದ ತುಕ್ಕಿನ ಚಕ್ಕೆ ಡಿಸ್ಕಿನ ಅಂಚಿನಲ್ಲಿ ಹಲವು ಪಟ್ಟು ಓಲಾಟವಾಗುತ್ತದೆ. ಡಯಲ್ ಗೇಜಿನಲ್ಲಿ ಈ ಓಲಾಟ 0.05 ಎಂಎಂ ಒಳಗಿದ್ದರೆ ನಿಶ್ಚಿಂತೆ. ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆಯಿರಿ.

ದೊಡ್ಡ ಕಿಟ್ ಬೇಕೇ?

ಒಳ್ಳೆಯ ದ್ರವ, ಒಳ್ಳೆಯ ಪ್ಯಾಡ್ ಹಾಕಿಯೂ ಟ್ರ್ಯಾಕಿನಲ್ಲಿ ಬ್ರೇಕ್ ಸೋಲುತ್ತಿದ್ದರೆ ಆಗ ಬೇಕು. ಅತ್ಯಂತ ವಿವೇಕದ ದಾರಿ ಅದೇ ಕಾರಿನ ಬಲಿಷ್ಠ ಆವೃತ್ತಿಯ ಬ್ರೇಕನ್ನು ಹಾಕುವುದು. ಏಳನೆಯ ತಲೆಮಾರಿನ ಗಾಲ್ಫ್ ಜಿಟಿಐಗೆ ಮುಂದೆ 312 ಎಂಎಂ ಡಿಸ್ಕ್ ಇದ್ದರೆ ಅದರ ಪರ್ಫಾರ್ಮೆನ್ಸ್ ಆವೃತ್ತಿಗೆ 340 ಎಂಎಂ ಇತ್ತು. ತಯಾರಕರೇ ಪರೀಕ್ಷಿಸಿದ ಜೋಡಿಯಲ್ಲಿ ಎಬಿಎಸ್, ಮಾಸ್ಟರ್ ಸಿಲಿಂಡರ್, ಮುಂದು ಹಿಂದಿನ ಸಮತೋಲನ ಹೊಂದಿಕೊಂಡಿರುತ್ತವೆ. ಬೇರೆ ಕಂಪನಿಯ ಕಿಟ್ ತಂದರೆ ಅದರ ಪಿಸ್ಟನ್ನುಗಳ ಒಟ್ಟು ವಿಸ್ತೀರ್ಣವನ್ನು ಮೂಲ ಕ್ಯಾಲಿಪರಿಗೆ ಹೋಲಿಸಿ ನೋಡಿ. ತೀರಾ ಹೆಚ್ಚಾದರೆ ಪೆಡಲನ್ನು ಹೆಚ್ಚು ಆಳಕ್ಕೆ ಒತ್ತಬೇಕಾಗುತ್ತದೆ. ಚಕ್ರದೊಳಗೆ ಹಿಡಿಸುತ್ತದೆಯೇ ಎಂದು ಕಿಟ್ ತಯಾರಕರ ಕಾಗದದ ಅಚ್ಚಿನಿಂದ ಮೊದಲೇ ಅಳೆಯಿರಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿನ್ಯಾಸ ಬದಲಿಸುವುದಕ್ಕೆ ಮಿತಿ ಹಾಕುತ್ತದೆ. ಅದೇ ಅಳತೆಯ ಪ್ಯಾಡ್, ಡಿಸ್ಕ್, ದ್ರವ ಸವೆದ ಭಾಗದ ಬದಲಾವಣೆ. ಬೇರೆ ಕ್ಯಾಲಿಪರ್ ಹಾಕುವ ಮುನ್ನ ಆರ್‌ಟಿಒ ಮತ್ತು ವಿಮಾ ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಓಡಿಸುವಾಗ, ಓಡಿಸಿದ ಮೇಲೆ

ಘಾಟಿಯಲ್ಲಿ ಯಾವ ಗೇರಿನಲ್ಲಿ ಹತ್ತುತ್ತೀರೋ ಹೆಚ್ಚುಕಡಿಮೆ ಅದೇ ಗೇರಿನಲ್ಲಿ ಇಳಿಯಿರಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಜಾರುವುದರಿಂದ ಮ್ಯಾನುಯಲ್ ಅಥವಾ ಸ್ಪೋರ್ಟ್ ಮೋಡಿಗೆ ಹಾಕಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವ ಬದಲು ತಿರುವಿಗೆ ಮುನ್ನ ಬಿಗಿಯಾಗಿ ಒತ್ತಿ, ಪೂರ್ತಿ ಬಿಡಿ. ನಡುವೆ ಡಿಸ್ಕಿಗೆ ಗಾಳಿ ಸಿಗುತ್ತದೆ. ಇಳಿದ ಕೂಡಲೇ ಕಾರು ತೊಳೆಸಬೇಡಿ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಆಗ ನಿಜವಾಗಿಯೂ ಬೆಂಡಾಗಬಹುದು, ಬಿರುಕೂ ಬಿಡಬಹುದು. ಟ್ರ್ಯಾಕಿನಲ್ಲಿ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ. ಪಿಟ್ಟಿಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲೋ ಪಾರ್ಕಿನಲ್ಲೋ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಡಿ.

ಮಳೆಗಾಲದಲ್ಲಿ ಒಂದೆರಡು ದಿನ ನಿಂತ ಕಾರಿನ ಡಿಸ್ಕಿನ ಮೇಲೆ ಕೆಂಪು ತುಕ್ಕು ಬರುವುದು ಸಹಜ, ಮೊದಲ ಕೆಲವು ಬ್ರೇಕಿಗೆ ಅಳಿಸಿಹೋಗುತ್ತದೆ. ವಾರಗಟ್ಟಲೆ ನಿಲ್ಲಿಸುವುದಾದರೆ ತೊಳೆದ ಮೇಲೆ ಒಂದು ಸುತ್ತು ಓಡಿಸಿ, ಬ್ರೇಕ್ ಒತ್ತಿ ಒಣಗಿಸಿ, ಹ್ಯಾಂಡ್‌ಬ್ರೇಕ್ ಎಳೆಯದೆ ನಿಲ್ಲಿಸಿ. ಬ್ರೇಕ್ ಕೆಲಸ ಮಾಡಿಸಿದ ಸುಮಾರು 100 ಕಿ.ಮೀ. ನಂತರ ಚಕ್ರದ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಿ. ತೆಗೆದ ಹಳೆಯ ದ್ರವ ವಿಷ, ಮೋರಿಗೆ ಸುರಿಯಬೇಡಿ. ಬಾಟಲಿಯ ಮೇಲೆ ಹೆಸರು ಬರೆದು, ಬಳಸಿದ ಎಂಜಿನ್ ಆಯಿಲಿಗೆ ಬೆರೆಸದೆ, ಸರ್ವಿಸ್ ಸೆಂಟರಿಗೆ ಪ್ರತ್ಯೇಕವಾಗಿ ಕೊಡಿ.